ಚಳಿಗಾಲದಲ್ಲಿ ಎಲೆಗಿಂತ ಮೊದಲು ಕುಂಡ ನೋಡಿ

ಚಳಿ ಶುರುವಾದ ಕೂಡಲೇ ಗಿಡ ಬೆಳೆಸುವವರ ಕಣ್ಣೆಲ್ಲ ಎಲೆಯ ಮೇಲೆ. ಹಳದಿ ಆಯ್ತಾ, ತುದಿ ಕಪ್ಪಾಯ್ತಾ, ಬಾಡಿತಾ ಅಂತ. ಹೊರಗಿಟ್ಟ ಗಿಡಗಳಲ್ಲಿ ನಾನು ಮೊದಲು ನೋಡುವುದು ಕುಂಡವನ್ನು. ಚಳಿಗಾಲದಲ್ಲಿ ಗಿಡ ಉಳಿಯೋದೂ ಹೋಗೋದೂ ಬೇರಿನಿಂದಲೇ. ಎಲೆ ಉದುರಿದರೆ ಮತ್ತೆ ಬರುತ್ತದೆ, ಬೇರು ಸತ್ತರೆ ಮುಗೀತು.

ನೆಲದಲ್ಲಿರುವ ಗಿಡದ ಸುತ್ತ ಬೇಕಾದಷ್ಟು ಮಣ್ಣಿರುತ್ತದೆ. ಗಾಳಿ ಎಷ್ಟೇ ತಣ್ಣಗಾದರೂ ಆಳದ ಮಣ್ಣು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಕುಂಡಕ್ಕೆ ಆ ಭಾಗ್ಯ ಇಲ್ಲ, ಎಲ್ಲಾ ಕಡೆಯಿಂದಲೂ ಚಳಿ ಹೊಡೆಯುತ್ತದೆ. ಕುಂಡದಿಂದ ಗಿಡ ಹೊರಗೆಳೆದವರಿಗೆ ಗೊತ್ತಿರುತ್ತದೆ, ಬಿಳಿ ಎಳೆಬೇರುಗಳೆಲ್ಲ ಗೋಡೆಗೆ ಅಂಟಿಕೊಂಡು ಬಲೆ ಹೆಣೆದಿರುತ್ತವೆ. ಚಳಿ ಮೊದಲು ಮುಟ್ಟುವುದೇ ಅವನ್ನು. ಕಾಂಡ ತಡೆಯುವಷ್ಟು ಚಳಿಯನ್ನು ಬೇರು ತಡೆಯುವುದಿಲ್ಲ. ನೆಲದಲ್ಲಿ ಗಟ್ಟಿಯಾಗಿ ನಿಲ್ಲುವ ಗಿಡ ಕುಂಡದಲ್ಲಿ ಸಾಯುವುದಕ್ಕೆ ಇದೇ ಕಾರಣ. ಕುಂಡ ಚಿಕ್ಕದಾದಷ್ಟೂ ಅಪಾಯ ಜಾಸ್ತಿ.

ಹಾಗಾಗಿ ಮೊದಲ ಕೆಲಸ, ಕುಂಡಗಳನ್ನು ಒಟ್ಟಿಗೆ ತಂದು ಗೋಡೆಗೆ ಒತ್ತಿ ಇಡುವುದು. ಹಗಲಿಡೀ ಬಿಸಿಲು ಕುಡಿದ ಗೋಡೆ ರಾತ್ರಿ ಶಾಖ ಬಿಡುತ್ತದೆ. ಚಿಕ್ಕವು ನಡುವೆ ಇರಲಿ, ದೊಡ್ಡವು ಅಂಚಿಗೆ. ತುಂಬಾ ಚಳಿಯ ಜಾಗವಾದರೆ ಕುಂಡಕ್ಕೆ ಗೋಣಿಚೀಲ ಸುತ್ತಿ. ಗಿಡಕ್ಕಲ್ಲ, ಕುಂಡಕ್ಕೆ. ಮಣ್ಣಿನ ಮೇಲೆ ಎರಡಿಂಚು ಒಣ ಎಲೆಯೋ ತೆಂಗಿನ ನಾರೋ ಹರಡಿ, ಕಾಂಡಕ್ಕೆ ತಾಗದ ಹಾಗೆ.

ಈಗ ನೀರಿನ ವಿಷಯ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಚಳಿಗಾಲದಲ್ಲಿ ಎಷ್ಟೋ ಗಿಡಗಳನ್ನು ಕೊಲ್ಲುವುದು ಚಳಿಯಲ್ಲ, ನಾವು ಪ್ರೀತಿಯಿಂದ ಹಾಕುವ ನೀರು. ಬೆಳವಣಿಗೆ ನಿಧಾನವಾಗಿರುತ್ತದೆ, ಬೇರು ನೀರು ಎಳೆಯುವುದೂ ಕಡಿಮೆ. ಬೇಸಿಗೆಯ ಅಭ್ಯಾಸದಲ್ಲೇ ದಿನಾ ಸುರಿದರೆ ಮಣ್ಣಿನೊಳಗೆ ಗಾಳಿ ಇಲ್ಲದೆ ಬೇರು ಕೊಳೆಯುತ್ತದೆ. ಆಗ ಎಲೆ ಬಾಡುತ್ತದೆ. ಬಾಡಿದ್ದು ನೋಡಿ ಇನ್ನಷ್ಟು ನೀರು ಹಾಕುತ್ತೇವೆ! ದಿನ ಲೆಕ್ಕ ಹಾಕಿ ನೀರು ಕೊಡಬೇಡಿ. ಬೆರಳನ್ನು ಎರಡಿಂಚು ಮಣ್ಣಿಗಿಳಿಸಿ. ಅಲ್ಲೂ ಒಣಗಿದ್ದರೆ ಮಾತ್ರ ಬೆಳಿಗ್ಗೆ ಬಿಸಿಲೇರಿದ ಮೇಲೆ ಹಾಕಿ. ಅಡಿಯ ತಟ್ಟೆ ತೆಗೆದುಬಿಡಿ. ಕುಂಡವನ್ನು ಇಟ್ಟಿಗೆ ಚೂರುಗಳ ಮೇಲೆ ಕೂರಿಸಿ, ತೂತು ಮುಚ್ಚದಿರಲಿ. ಹಾಗಂತ ಪೂರ್ತಿ ಒಣಗಿಸುವುದೂ ತಪ್ಪು. ವರ್ಷವಿಡೀ ಹಸಿರಾಗಿರುವ ಗಿಡಗಳ ಎಲೆಯಿಂದ ಚಳಿಗಾಲದಲ್ಲೂ ನೀರು ಆವಿಯಾಗುತ್ತಲೇ ಇರುತ್ತದೆ. ಒಣಮಣ್ಣಿಗಿಂತ ಸ್ವಲ್ಪ ತೇವವಿರುವ ಮಣ್ಣು ಶಾಖವನ್ನೂ ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ.

ನೀರು ಹೆಪ್ಪುಗಟ್ಟುವ ಊರುಗಳಲ್ಲಿ ಮಣ್ಣಿನ ಕುಂಡಗಳ ಮೇಲೆ ಒಂದು ಕಣ್ಣಿರಲಿ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕುಂಡದ ಗೋಡೆ ಹೀರಿಕೊಂಡ ನೀರೇ ಅದನ್ನು ಸೀಳುತ್ತದೆ.

ಗೊಬ್ಬರ ಮತ್ತು ಕತ್ತರಿ, ಎರಡನ್ನೂ ಒಳಗಿಡಿ. ಚಳಿ ಬರುವ ಹೊತ್ತಿಗೆ ಸಾರಜನಕ ಕೊಟ್ಟರೂ, ಚೆನ್ನಾಗಿ ಸವರಿದರೂ ಗಿಡ ಹೊಸ ಚಿಗುರು ಹಾಕುತ್ತದೆ. ಆ ಎಳೆ ಚಿಗುರೇ ಚಳಿಗೆ ಮೊದಲು ಸುಡುವುದು. ಕುಂಡ ಬದಲಿಸುವ ಕೆಲಸವನ್ನೂ ಚಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಒಣಗಿದ ರೆಂಬೆ, ಕೊಳೆತ ಎಲೆ ತೆಗೆಯಿರಿ, ಸದ್ಯಕ್ಕೆ ಅಷ್ಟು ಸಾಕು.

ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಜಾಸ್ತಿ ಹುಷಾರಾಗಿರಬೇಕು. ನೆಲ, ಎಲೆ ಎಲ್ಲದರ ಶಾಖವೂ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ಥರ್ಮಾಮೀಟರ್ 3 ಡಿಗ್ರಿ ತೋರಿಸುತ್ತಿದ್ದರೂ ಎಲೆಯ ಮೇಲೆ ಹಿಮ ಕೂರಬಹುದು. ಅಂಥ ಸಂಜೆ ಹಳೇ ಬೆಡ್‌ಶೀಟ್ ಹೊದಿಸಿ, ಅಂಚು ನೆಲ ಮುಟ್ಟಲಿ. ಬೆಳಿಗ್ಗೆ ತೆಗೆಯಿರಿ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದರೆ ತಾಗಿದ ಕಡೆಯೆಲ್ಲ ಎಲೆ ಸುಡುತ್ತದೆ, ಅದು ಬೇಡ.

ಎಲ್ಲ ಗಿಡವನ್ನೂ ಒಳಗೆ ತರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕ್ರೋಟನ್, ಅಗ್ಲೋನಿಮಾದಂಥ ಬಿಸಿ ನಾಡಿನ ಗಿಡಗಳಿಗೆ 10 ಡಿಗ್ರಿಗಿಂತ ಕೆಳಗೆ ಕಷ್ಟ, ಅವು ಒಳಗೆ ಬರಲಿ. ಅಡೇನಿಯಂ ಕೂಡ ಬರಲಿ, ಅದು ಎಲೆ ಉದುರಿಸಿ ನಿದ್ದೆಗೆ ಜಾರಿದರೆ ನೀರು ಹೆಚ್ಚುಕಮ್ಮಿ ನಿಲ್ಲಿಸಿಬಿಡಿ. ಆದರೆ ಸೇಬು, ಪೀಚ್‌ನಂಥ ಗಿಡಗಳಿಗೆ ಚಳಿ ಬೇಕೇ ಬೇಕು. ಚಳಿ ಸಾಲದಿದ್ದರೆ ಮುಂದೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಒಳಗೆ ತರುವ ಮುಂಚೆ ಎಲೆಯ ಅಡಿ, ತೊಟ್ಟಿನ ಸಂದು ನೋಡಿ. ಹತ್ತಿಯಂಥ ಬಿಳಿ ಚುಕ್ಕೆ ಇದ್ದರೆ ಅದು ಹಿಟ್ಟು ತಿಗಣೆ. ಬೆಚ್ಚಗಿನ ಕೋಣೆಯಲ್ಲಿ ಅದು ಎಲ್ಲ ಗಿಡಕ್ಕೂ ಹರಡುತ್ತದೆ. ಸೋಪು ನೀರಿನಿಂದ ಒರೆಸಿ, ಬೇವಿನೆಣ್ಣೆ ಸಿಂಪಡಿಸಿ, ಕೆಲವು ದಿನ ಬೇರೆಯಾಗಿಡಿ.

ಚಳಿ ಮುಗಿದಾಗ ಕೆಲವು ಗಿಡ ಸುಮ್ನೆ ಕಡ್ಡಿಯ ಹಾಗೆ ನಿಂತಿರುತ್ತವೆ. ಕಿತ್ತು ಎಸೆಯುವ ಮುಂಚೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಅಡಿಯಲ್ಲಿ ಹಸಿರಿದ್ದರೆ ಜೀವ ಇದೆ, ಕಾಯಿರಿ. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ, ಬುಡದ ಹತ್ತಿರ ಕೆರೆಯಿರಿ. ಎಷ್ಟೋ ಗಿಡ ಅಲ್ಲಿಂದಲೇ ಚಿಗುರುತ್ತವೆ.