ಸ್ಪಷ್ಟನೆ: ಹುಲ್ಲು ಬಿಡಿಸಿ ಹುರುಳಿ ತಿನ್ನಿಸಿದರೆ ಕುದುರೆಗೆ ಬಲ ಬರುವುದಿಲ್ಲ

ಮೈಸೂರಿನ ಟಾಂಗಾ ಕುದುರೆ ಸಾಕುವವರ ನಡುವೆ ಒಂದು ಮಾತು ಓಡಾಡುತ್ತಿದೆ. ದಸರಾ ಸೀಸನ್‌ನಲ್ಲಿ ಹುಲ್ಲು ಕಡಿಮೆ ಮಾಡಿ, ಹೊಟ್ಟೆ ತುಂಬಾ ಹುರುಳಿ ಕೊಟ್ಟರೆ ಕುದುರೆಗೆ ಸುಸ್ತಾಗಲ್ಲವಂತೆ. ಇದು ತಪ್ಪು. ದಯವಿಟ್ಟು ಹಾಗೆ ಮಾಡಬೇಡಿ.

ಕುದುರೆ ಹಸುವಿನ ಹಾಗೆ ಮೆಲುಕು ಹಾಕುವುದಿಲ್ಲ. ಅದರ ಜಠರ ಚಿಕ್ಕದು, ಸುಮಾರು 8ರಿಂದ 15 ಲೀಟರ್ ಅಷ್ಟೇ. ಒಂದೇ ಸಲಕ್ಕೆ ಕಾಳು ತುಂಬಿದರೆ ಅದು ಪೂರ್ತಿ ಅರಗದೆ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ, ಗ್ಯಾಸ್ ಕಟ್ಟುತ್ತದೆ. ವಾಂತಿ ಮಾಡಲೂ ಕುದುರೆಗೆ ಆಗುವುದಿಲ್ಲ. ಪಾಪ, ನೆಲ ಕೆರೆಯುತ್ತದೆ, ಪಕ್ಕೆಯ ಕಡೆ ತಿರುಗಿ ತಿರುಗಿ ನೋಡುತ್ತದೆ, ಬಿದ್ದು ಹೊರಳಾಡುತ್ತದೆ. ಗೊರಸಿನೊಳಗೆ ಊತ ಬಂದು ಕುಂಟಲೂಬಹುದು. ಇಂಥದ್ದು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಪಶುವೈದ್ಯರನ್ನು ಕರೆಸಿ.

ಹುರುಳಿ ಬೇಡವೇ ಬೇಡ ಅಂತಲ್ಲ. ನೆನೆಸಿ, ಬೇಯಿಸಿ, ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಹೊತ್ತು ಕೊಡಿ. ಆದರೆ ಮುಖ್ಯ ಊಟ ಹುಲ್ಲೇ. 300 ಕೆಜಿ ತೂಕದ ಕುದುರೆಗೆ ದಿನಕ್ಕೆ ಕಡಿಮೆ ಅಂದ್ರೂ 4.5 ಕೆಜಿ ಒಣಹುಲ್ಲು ಬೇಕು. ಬೂಷ್ಟು ಹಿಡಿದದ್ದು ಬೇಡ. ಮೇವು ಬದಲಿಸುವುದಿದ್ದರೆ 7ರಿಂದ 10 ದಿನ ಹಿಡಿದು ನಿಧಾನವಾಗಿ ಬದಲಿಸಿ. ಕುಡಿಯಲು ಶುದ್ಧ ನೀರು ಸದಾ ಎದುರಿಗೇ ಇರಲಿ.