ಬಂಡೀಪುರದ ಹೆದ್ದಾರಿ ರಾತ್ರಿಯೂ ತೆರೆಯಬೇಕೆ?

ಪರ

ಮೈಸೂರಿನಿಂದ ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ದಾಟಿ ಕೇರಳದ ಕಲ್ಲಿಕೋಟೆಗೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿ ಬಂಡೀಪುರದ ಕಾಡಿನಲ್ಲಿ ಪ್ರಾಣಿಗಳ ಸಲುವಾಗಿ ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. 2009ರಿಂದ ಹೀಗೇ. ಕೊಯ್ದ ತರಕಾರಿ ಮಂಡಿಗೆ ಬಂದು, ತೂಕವಾಗಿ, ಲೋಡಾಗುವಷ್ಟರಲ್ಲಿ ಕತ್ತಲಾಗಿರುತ್ತದೆ. ಬೀನ್ಸು, ಟೊಮೆಟೊ ಬೆಳಗಿನ ತನಕ ಲಾರಿಯಲ್ಲೇ ಬಾಡಿದರೆ ಆ ನಷ್ಟ ಸುತ್ತಿ ಬಳಸಿ ಬೆಳೆದವನ ತಲೆಗೇ ಬರುತ್ತದೆ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಹೋಗಿ ಎನ್ನುತ್ತಾರೆ. ಮೈಸೂರಿನವರಿಗೆ ಅದು ಸರಿ. ಗುಂಡ್ಲುಪೇಟೆಯ ಲಾರಿ ಅದಕ್ಕಾಗಿ ಹಿಂದಕ್ಕೆ ಮೈಸೂರಿನ ದಿಕ್ಕಿಗೆ ತಿರುಗಬೇಕು. ಡೀಸೆಲ್ ಯಾರು ಹಾಕುತ್ತಾರೆ?

ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೇಟು ಹಾಕುವುದೊಂದೇ ಉಪಾಯವೆ? ಮಧ್ಯಪ್ರದೇಶ-ಮಹಾರಾಷ್ಟ್ರ ಗಡಿಯ ಪೆಂಚ್ ಹುಲಿ ಕಾಡಿನಲ್ಲಿ 44ನೇ ಹೆದ್ದಾರಿಯನ್ನು ಅಲ್ಲಲ್ಲಿ ಎತ್ತರಿಸಿ ಕೆಳಗೆ ಪ್ರಾಣಿಗಳಿಗೆ ಹಾದಿ ಬಿಟ್ಟಿದ್ದಾರೆ. ಅಲ್ಲಿ ಹುಲಿಗಳು ಓಡಾಡುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಇಲ್ಲೂ ಹಾಗೆ ಕಟ್ಟಿ, ವೇಗಕ್ಕೆ ಕಡಿವಾಣ ಹಾಕಿ ವಾಹನ ಬಿಡಲಿ.

ವಿರೋಧ

ಬೆಳೆದವರ ನಷ್ಟ ನಿಜ. ಅದಕ್ಕೆ ಶೀತಲಗೃಹ ಕೇಳೋಣ, ಮಂಡಿಯ ಹರಾಜನ್ನು ಮಧ್ಯಾಹ್ನಕ್ಕೇ ಮುಗಿಸಲು ಒತ್ತಾಯಿಸೋಣ. ಕಾಡಿನ ಹೊತ್ತನ್ನು ಕೇಳುವುದು ಬೇಡ. 24 ಗಂಟೆಯಲ್ಲಿ 15 ಗಂಟೆ ಆ ರಸ್ತೆ ನಮ್ಮದೇ. ಉಳಿದ ಹೊತ್ತಿನಲ್ಲೂ ಆಂಬುಲೆನ್ಸಿಗೆ ತಡೆಯಿಲ್ಲ, ಎರಡೂ ರಾಜ್ಯಗಳ ಕೆಲವು ಬಸ್ಸುಗಳು ಓಡುತ್ತವೆ.

ಹೆಡ್‌ಲೈಟಿನ ಬೆಳಕಿಗೆ ಕಣ್ಣು ಕೋರೈಸಿದ ಜಿಂಕೆ, ಕಡವೆ ರಸ್ತೆ ನಡುವೆ ನಿಂತುಬಿಡುತ್ತವೆ. ಆನೆಯ ಕಷ್ಟ ಬೇರೆ. ಬೇಸಿಗೆಯಲ್ಲಿ ಕೆರೆಗಳು ಒಣಗಿದಾಗ ಸುತ್ತಲ ಕಾಡುಗಳ ಹಿಂಡುಗಳು ಕಬಿನಿ ಹಿನ್ನೀರಿಗೆ ಇಳಿಯುತ್ತವೆ; ಮುದುಮಲೆ ಕಡೆಯಿಂದ ಬರುವವು ಈ ಹೆದ್ದಾರಿ ದಾಟಲೇಬೇಕು. ಅರ್ಧ ಹಿಂಡು ಆಚೆ, ಮರಿ ಈಚೆ ಉಳಿದ ಹೊತ್ತಿಗೆ ಲಾರಿ ಸಾಲು ಬಂದರೆ ತಾಯಿ ಸುಮ್ಮನಿರುತ್ತದೆಯೆ? ಚಾಲಕನ ಜೀವಕ್ಕೂ ಅಪಾಯ.

ಪೆಂಚ್‌ನ ಮಾತಿಗೆ ಬರೋಣ. ಅಲ್ಲಿ ರಸ್ತೆಯನ್ನು ನಾಲ್ಕು ಪಥಕ್ಕೆ ಅಗಲಿಸಿದ್ದರ ಹಾನಿ ತಗ್ಗಿಸಲೆಂದು ಹಾಗೆ ಕಟ್ಟಿದರು. ಇಲ್ಲಿ ಒಂದು ಮರ ಕಡಿಯದೆ, ಒಂದು ಮೂಟೆ ಸಿಮೆಂಟ್ ಸುರಿಯದೆ ಪ್ರತಿ ರಾತ್ರಿ ಇಡೀ ರಸ್ತೆಯೇ ಪ್ರಾಣಿಗಳ ಹಾದಿಯಾಗಿದೆ. ಅದನ್ನು ಬಿಟ್ಟು ವರ್ಷಗಟ್ಟಲೆ ಜೆಸಿಬಿ, ಕ್ರೇನು ಓಡಿಸಿ ಕಾಮಗಾರಿ ನಡೆಸುವುದು ಯಾವ ರಕ್ಷಣೆ? 2010ರಲ್ಲಿ ಹೈಕೋರ್ಟ್ ಈ ನಿಷೇಧವನ್ನು ಎತ್ತಿಹಿಡಿಯಿತು. ಸರ್ಕಾರ ಅದನ್ನು ಸಡಿಲಿಸುವ ಮಾತಾಡದೆ ಕುಟ್ಟದ ರಸ್ತೆಯನ್ನು ಗುಂಡಿಯಿಲ್ಲದೆ ಇಟ್ಟುಕೊಳ್ಳಲಿ, ಬಳಸಿ ಹೋಗುವ ತರಕಾರಿ ಲಾರಿಗೆ ಡೀಸೆಲ್ ಖರ್ಚಿನಲ್ಲಿ ಪಾಲು ಕೊಡಲಿ.