ಅಳತೆಪಟ್ಟಿಯ ಆಯ್ಕೆ, ಗ್ಯಾಲರಿಯ ಆಯ್ಕೆ

ಇಂಡಿಯಾನಾ ರಾಜ್ಯದಲ್ಲಿ ಹೈಸ್ಕೂಲು ಹುಡುಗನೊಬ್ಬ ಬ್ಯಾಸ್ಕೆಟ್‌ಬಾಲ್ ಚೆನ್ನಾಗಿ ಆಡುತ್ತಾನೆ ಎಂದರೆ ಆ ಸುದ್ದಿ ಅವನ ಊರಿನಲ್ಲೇ ಉಳಿಯುವುದಿಲ್ಲ. 1976 ಮತ್ತು 1981ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಇಂಡಿಯಾನಾ ವಿಶ್ವವಿದ್ಯಾಲಯದ ತಂಡಗಳನ್ನು ಕಟ್ಟಿದ್ದ ಕೋಚ್ ಬಾಬ್ ನೈಟ್, 1980ರ ದಶಕದ ನಡುವಿನಲ್ಲಿ, ಎಂಟನೇ ತರಗತಿಯ ಡೇಮನ್ ಬೇಲಿ ಎಂಬ ಹುಡುಗನ ಆಟ ನೋಡಲು ರಾಜ್ಯದ ದಕ್ಷಿಣ ಭಾಗದ ಹಳ್ಳಿಗಾಡಿನವರೆಗೆ ಹೋಗಿದ್ದರು. ಮಂಡ್ಯ ಸೀಮೆಯಲ್ಲಿ ಬೆಳೆದು, ಈಗ ಇಂಡಿಯಾನಾಪೊಲಿಸ್‌ನ ಉತ್ತರಕ್ಕಿರುವ ಉಪನಗರವೊಂದರಲ್ಲಿ ನೆಲೆಸಿರುವ ನನಗೆ, ನಮ್ಮ ಕಡೆಯ ಆಯ್ಕೆಗೂ ಇಲ್ಲಿಯ ಆಯ್ಕೆಗೂ ಇರುವ ಮುಖ್ಯ ಅಂತರ ಇದರಲ್ಲೇ ಕಾಣುತ್ತದೆ. ಇಲ್ಲಿ ಆಯ್ಕೆ ಮಾಡುವವರು ಆಟ ನಡೆಯುವಲ್ಲಿಗೆ ಹೋಗುತ್ತಾರೆ. ನಮ್ಮಲ್ಲಿ ಆಡುವ ಮಕ್ಕಳು ಆಯ್ಕೆ ನಡೆಯುವಲ್ಲಿಗೆ ಬರಬೇಕು. ಹಣ, ಮರದ ಅಂಕಣ, ಹವಾನಿಯಂತ್ರಣ ಇವೆಲ್ಲ ಆಮೇಲಿನ ಮಾತು.

ಚಳಿಗಾಲದ ಶುಕ್ರವಾರದ ಸಂಜೆ ಇಲ್ಲಿಯ ಯಾವುದೇ ಹೈಸ್ಕೂಲಿನ ಜಿಮ್ನೇಸಿಯಂಗೆ ಹೋದರೂ ಸ್ಕೌಟ್‌ಗಳನ್ನು, ಅಂದರೆ ಪ್ರತಿಭೆ ಹುಡುಕಿಕೊಂಡು ಬರುವವರನ್ನು, ಗುರುತಿಸುವುದು ಕಷ್ಟವಲ್ಲ. ಊರಿನವರೆಲ್ಲ ಅಂಕಣದ ಉದ್ದಕ್ಕೂ ಕುಳಿತಿದ್ದರೆ ಇವರು ಬುಟ್ಟಿಯ ಹಿಂದಿನ ಮೂಲೆಯಲ್ಲಿ, ಎರಡು ತಂಡಗಳ ಬೆಂಚೂ ಕಾಣುವಂತೆ ಕುಳಿತಿರುತ್ತಾರೆ. ಎಲ್ಲರ ಕಣ್ಣು ಚೆಂಡಿನ ಮೇಲಿದ್ದರೆ ಇವರ ಕಣ್ಣು ಚೆಂಡಿಲ್ಲದ ಹುಡುಗನ ಮೇಲಿರುತ್ತದೆ. ನನ್ನ ಪಕ್ಕದಲ್ಲಿ ಆಗಾಗ ಕುಳಿತುಕೊಳ್ಳುವ ನಿವೃತ್ತ ಕೋಚ್ ಒಬ್ಬರು ಒಮ್ಮೆ, ಆ ಸಂಜೆ ಇಪ್ಪತ್ತಕ್ಕೂ ಹೆಚ್ಚು ಪಾಯಿಂಟ್ ಹೊಡೆದ ಹುಡುಗನನ್ನು ಬಿಟ್ಟು, ನಾಲ್ಕೇ ಪಾಯಿಂಟ್ ಹೊಡೆದವನನ್ನು ನೋಡುವಂತೆ ನನಗೆ ಹೇಳಿದರು. ಆ ಹುಡುಗ ಪ್ರತಿ ಬಾರಿಯೂ ಎದುರಾಳಿ ಪಾಸ್ ಕೊಡುವ ಮೊದಲೇ ಒಂದು ಹೆಜ್ಜೆ ಸರಿದು ನಿಲ್ಲುತ್ತಿದ್ದ, ಹಿಂದೆ ಇರುವ ಜೊತೆಗಾರನಿಗೆ ಕೂಗಿ ಹೇಳುತ್ತಿದ್ದ, ಕೋಚ್ ಅವನನ್ನು ಹೊರಗೆ ಕರೆದಾಗ ಬೆಂಚಿನ ತುದಿಗೆ ಹೋಗಿ ಮುಖ ಊದಿಸಿಕೊಳ್ಳದೆ ಸಹಾಯಕ ಕೋಚ್ ಪಕ್ಕದಲ್ಲೇ ಕುಳಿತು ಏನನ್ನೋ ಕೇಳುತ್ತಿದ್ದ. ಕಾಲುಗಳ ಚಲನೆ, ರೆಫರಿಯ ತಪ್ಪು ತೀರ್ಪಿನ ನಂತರದ ಹತ್ತು ಸೆಕೆಂಡು, ಸೋಲುತ್ತಿರುವಾಗ ರಕ್ಷಣೆಗೆ ಹಿಂದಿರುಗಿ ಓಡುವ ವೇಗ, ಇವೆಲ್ಲ ಅವರ ಪುಸ್ತಕದಲ್ಲಿ ದಾಖಲಾಗುವ ಸಂಗತಿಗಳು. ದೂರದ ಶೂಟಿಂಗ್ ಮುಂದೆ ಹೇಗಾದೀತು ಎಂದು ಅಂದಾಜು ಮಾಡುವಾಗ ಅವರಲ್ಲಿ ಹಲವರು ಮೂರು ಪಾಯಿಂಟ್‌ಗಳ ಹೊಡೆತಗಳಿಗಿಂತ ಫ್ರೀ ಥ್ರೋ ಲೆಕ್ಕವನ್ನೇ ಹೆಚ್ಚು ನಂಬುತ್ತಾರೆ, ಏಕೆಂದರೆ ಅಲ್ಲಿ ಯಾರೂ ಅಡ್ಡ ಬರುವುದಿಲ್ಲ, ಕೈಯ ಗುಣ ಮಾತ್ರ ಕಾಣುತ್ತದೆ.

ಅಳತೆ ಇಲ್ಲಿಯೂ ಇದೆ. ಬೂಟು ಬಿಚ್ಚಿಸಿ ಎತ್ತರ ನೋಡುತ್ತಾರೆ, ಎರಡೂ ತೋಳುಗಳನ್ನು ಅಗಲಿಸಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆಯುತ್ತಾರೆ, ಇನ್ನೆಷ್ಟು ಬೆಳೆದಾನು ಎಂದು ಊಹಿಸಲು ತಂದೆ ತಾಯಿಯ ಮೈಕಟ್ಟನ್ನೂ ಗಮನಿಸುತ್ತಾರೆ. ಪಂದ್ಯದ ಕೈಪಿಡಿಯಲ್ಲಿ ಅಚ್ಚಾದ ಎತ್ತರದಿಂದ ಒಂದು ಅಂಗುಲ ಕಳೆದೇ ಓದಬೇಕು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಕಾಗದದ ಮೇಲೆ ವಯಸ್ಸು ಇಳಿಯುತ್ತದೆ, ಇಲ್ಲಿ ಎತ್ತರ ಏರುತ್ತದೆ; ಮನುಷ್ಯಸ್ವಭಾವ ಎರಡೂ ಕಡೆ ಒಂದೇ. ಆದರೆ ಇಲ್ಲಿ ಅಳತೆ ಬರುವುದು ಆಟ ನೋಡಿದ ಮೇಲೆ.

ಇದು ಸಾಧ್ಯವಾಗಿರುವುದು ಸ್ಕೌಟ್‌ಗಳ ಜಾಣತನದಿಂದ ಮಾತ್ರವಲ್ಲ, ನೋಡಲು ಸಾಕಷ್ಟು ಆಟ ಇರುವುದರಿಂದ. ನವೆಂಬರ್ ಕೊನೆಯಿಂದ ಮಾರ್ಚ್ ವರೆಗೆ ಪ್ರತಿ ಶಾಲೆಯ ತಂಡವೂ ಇಪ್ಪತ್ತಕ್ಕೂ ಹೆಚ್ಚು ಪಂದ್ಯ ಆಡುತ್ತದೆ, ಆಮೇಲೆ ರಾಜ್ಯ ಟೂರ್ನಿಗೆ ಎಲ್ಲ ಶಾಲೆಗಳಿಗೂ ಪ್ರವೇಶವಿರುತ್ತದೆ. 1911ರಲ್ಲಿ ಆರಂಭವಾದ ಈ ಟೂರ್ನಿಯಲ್ಲಿ 1997ರವರೆಗೆ ದೊಡ್ಡ ಶಾಲೆ ಚಿಕ್ಕ ಶಾಲೆ ಎಂಬ ಭೇದವೇ ಇರಲಿಲ್ಲ. 161 ವಿದ್ಯಾರ್ಥಿಗಳಿದ್ದ ಮೈಲಾನ್ ಎಂಬ ಊರಿನ ಶಾಲೆ 1954ರ ಫೈನಲ್‌ನಲ್ಲಿ ಮನ್ಸಿ ಸೆಂಟ್ರಲ್ ಎಂಬ ಬಲಾಢ್ಯ ತಂಡವನ್ನು 32-30ರಿಂದ ಸೋಲಿಸಿದ್ದನ್ನು, ಕೊನೆಯ ಗಳಿಗೆಯಲ್ಲಿ ಬಾಬಿ ಪ್ಲಂಪ್ ಹಾಕಿದ ಬುಟ್ಟಿಯನ್ನು, ಇಲ್ಲಿಯ ಹಿರಿಯರು ನಿನ್ನೆ ಮೊನ್ನೆ ನಡೆದಂತೆ ವಿವರಿಸುತ್ತಾರೆ. ನ್ಯೂ ಕ್ಯಾಸಲ್ ಎಂಬ ಸಣ್ಣ ಪಟ್ಟಣದ ಹೈಸ್ಕೂಲು ಫೀಲ್ಡ್‌ಹೌಸ್‌ನಲ್ಲಿ (ಒಳಾಂಗಣ ಕ್ರೀಡಾಂಗಣದಲ್ಲಿ) ಏಳು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಊರಿಗೆ ಊರೇ ಬಂದು ಕೂರುವುದರಿಂದ ಅಂಕಪುಸ್ತಕ ಬರೆಯುವವರಿದ್ದಾರೆ, ಮರುದಿನ ಯಾರು ಎಷ್ಟು ರೀಬೌಂಡ್ ಹಿಡಿದರು ಎಂಬುದು ಸ್ಥಳೀಯ ಪತ್ರಿಕೆಯಲ್ಲಿ ಬರುತ್ತದೆ, ಹುಡುಗನ ಮೂರು ನಾಲ್ಕು ವರ್ಷಗಳ ಆಟ ಕಾಗದದ ಮೇಲೆ ಉಳಿಯುತ್ತದೆ. 1939ರಿಂದ ಪ್ರತಿವರ್ಷ ಒಬ್ಬ ಹುಡುಗನಿಗೆ ‘ಮಿಸ್ಟರ್ ಬ್ಯಾಸ್ಕೆಟ್‌ಬಾಲ್’ ಎಂಬ ಬಿರುದು ಕೊಡುತ್ತಾರೆ. ಹುಡುಗಿಯರಿಗೂ ಅಂಥದೇ ಬಿರುದು ಬರಲು 1976ರವರೆಗೆ ಕಾಯಬೇಕಾಯಿತು ಎಂಬುದನ್ನೂ ಹೇಳಬೇಕು.

ನಮ್ಮಲ್ಲಿ ಹೋಬಳಿ ಮಟ್ಟದಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುವ ಶಾಲಾ ಕ್ರೀಡಾಕೂಟವಿದೆ, ದಸರಾ ಕ್ರೀಡಾಕೂಟವಿದೆ. ಏಣಿಯೇನೋ ಸರಿಯಾಗಿದೆ. ಆದರೆ ಬಹುಪಾಲು ಪಂದ್ಯಗಳು ಸೋತವರು ಮನೆಗೆ ಎಂಬ ಕ್ರಮದಲ್ಲಿ ಒಂದೆರಡು ದಿನಗಳಲ್ಲಿ ಮುಗಿದುಹೋಗುತ್ತವೆ. ದುರ್ಬಲ ತಂಡದಲ್ಲಿರುವ ಪ್ರತಿಭಾವಂತ ಹುಡುಗಿ ಮೊದಲ ಪಂದ್ಯದಲ್ಲೇ ಸೋತರೆ, ಅವಳನ್ನು ನೋಡಲು ಯಾರಿಗಾದರೂ ಇಡೀ ವರ್ಷದಲ್ಲಿ ಸಿಗುವುದು ಆ ಒಂದು ಪಂದ್ಯದ ಅವಕಾಶ ಮಾತ್ರ. ಆ ಹೊತ್ತಿನಲ್ಲಿ ಗ್ಯಾಲರಿಯಲ್ಲಿ ಆಯ್ಕೆದಾರರು ಇರುವ ಸಂಭವ ಕಡಿಮೆ, ಗ್ಯಾಲರಿ ಎಂಬುದೇ ಇರುವ ಸಂಭವ ಇನ್ನೂ ಕಡಿಮೆ.

ಹೀಗಾಗಿ ನಮ್ಮ ಆಯ್ಕೆಯ ಭಾರವೆಲ್ಲ ಟ್ರಯಲ್ಸ್ ಮೇಲೆ ಬೀಳುತ್ತದೆ. ಕ್ರೀಡಾ ವಸತಿ ನಿಲಯಗಳ ಆಯ್ಕೆ ನಡೆಯುವ ದಿನ ಜಿಲ್ಲಾ ಕ್ರೀಡಾಂಗಣವನ್ನು ನೋಡಿದವರಿಗೆ ಆ ದೃಶ್ಯ ಗೊತ್ತಿರುತ್ತದೆ. ಜನನ ಪ್ರಮಾಣಪತ್ರ, ಶಾಲೆಯಿಂದ ತಂದ ದೃಢೀಕರಣ, ಫೋಟೋ ಇವುಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಹಿಡಿದು ಸಾಲಾಗಿ ನಿಂತ ಮಕ್ಕಳು, ಗೋಡೆಗೆ ಅಂಟಿಸಿದ ಅಳತೆಪಟ್ಟಿಗೆ ಬೆನ್ನು ಕೊಟ್ಟು ನಿಲ್ಲುವುದು, ಬೆರಳಿಗೆ ಸೀಮೆಸುಣ್ಣ ಬಳಿದುಕೊಂಡು ನಿಂತಲ್ಲಿಂದ ಜಿಗಿದು ಗೋಡೆಯ ಮೇಲೆ ಗುರುತು ಮಾಡುವುದು, ಮೆಡಿಸಿನ್ ಬಾಲ್ ಎಸೆಯುವುದು, ಒಂದಿಷ್ಟು ಓಟ. ಬೆಳಗಿನ ಜಾವದ ಬಸ್ಸಿನಲ್ಲಿ ಸರಿಯಾಗಿ ತಿನ್ನದೆ ಬಂದ ಮಗು ಆ ದಿನ ಎಷ್ಟು ಜಿಗಿಯಿತೋ ಅಷ್ಟೇ ಅದರ ಯೋಗ್ಯತೆ ಎಂದು ಲೆಕ್ಕವಾಗುತ್ತದೆ. ಇದನ್ನು ನಡೆಸುವ ತರಬೇತುದಾರರ ಮೇಲೆ ನನಗೆ ಆಕ್ಷೇಪವಿಲ್ಲ. ಬಂದ ಮಕ್ಕಳೆಲ್ಲರನ್ನೂ ಒಂದೇ ದಿನದಲ್ಲಿ ನೋಡಿ, ಯಾರೂ ತಕರಾರು ತೆಗೆಯದಂತೆ ಪಟ್ಟಿ ಮಾಡಿ ಎಂದರೆ, ಯಾರಾದರೂ ಅಳೆಯಬಹುದಾದದ್ದನ್ನೇ ನಂಬುತ್ತಾರೆ. ಶಿಫಾರಸಿನ ಕಾಟವಿರುವಲ್ಲಿ ಅಳತೆಪಟ್ಟಿಯೇ ಅವರ ರಕ್ಷಾಕವಚವೂ ಹೌದು. ಆದರೆ ಚೆಂಡಿಲ್ಲದಾಗ ಸರಿಯಾದ ಜಾಗದಲ್ಲಿ ನಿಲ್ಲುವ ಬುದ್ಧಿ ಯಾವ ಗೋಡೆಯ ಮೇಲೂ ಗುರುತಾಗುವುದಿಲ್ಲ. ಚೆಂಡು ನಡೆಸಿ ಆಟ ಕಟ್ಟುವ, ಐದಡಿ ಎಂಟು ಅಂಗುಲದ ಪಾಯಿಂಟ್ ಗಾರ್ಡ್‌ಗಳು ನಮ್ಮಲ್ಲಿ ಎಷ್ಟು ಮಂದಿ ಹೀಗೆ ಜಾರಿಹೋದರೋ.

ಎತ್ತರಕ್ಕೆ ಬೆಲೆಯಿಲ್ಲ ಎಂದು ನಾನು ವಾದಿಸುತ್ತಿಲ್ಲ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್, ಅಸಾಧಾರಣ ಎತ್ತರದ ಕಾರಣದಿಂದಲೇ ಲುಧಿಯಾನದ ಅಕಾಡೆಮಿ ಸೇರಿ, 2010ರಲ್ಲಿ ಫ್ಲಾರಿಡಾಕ್ಕೆ ತರಬೇತಿಗೆ ಹೋಗಿ, 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡದಿಂದ 52ನೆಯವನಾಗಿ ಆಯ್ಕೆಯಾದಾಗ ಎನ್‌ಬಿಎ ಎಂಬ ಅಮೆರಿಕದ ವೃತ್ತಿಪರ ಲೀಗಿನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮದಲ್ಲಿ) ಹೆಸರು ಬಂದ ಮೊದಲ ಭಾರತೀಯನಾದ. ಆದರೆ ಆತ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಏಳಡಿಯವರು ಎಲ್ಲಿದ್ದರೂ ಕಣ್ಣಿಗೆ ಬೀಳುತ್ತಾರೆ, ಅವರನ್ನು ಹುಡುಕಲು ಸ್ಕೌಟ್ ಬೇಕಾಗಿಲ್ಲ.

ಇಷ್ಟಾಗಿಯೂ ಇಂಡಿಯಾನಾದ ಕಣ್ಣು ಸದಾ ಚುರುಕಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಪ್ಪು ವಿದ್ಯಾರ್ಥಿಗಳಿಗಾಗಿ 1927ರಲ್ಲಿ ತೆರೆದ ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಅಟಕ್ಸ್ ಶಾಲೆಗೆ 1942ರವರೆಗೂ ರಾಜ್ಯ ಟೂರ್ನಿಯಲ್ಲಿ ಆಡುವ ಹಕ್ಕೇ ಇರಲಿಲ್ಲ. ಅದೇ ಶಾಲೆ ಆಸ್ಕರ್ ರಾಬರ್ಟ್‌ಸನ್ ಎಂಬ ಹುಡುಗನ ಬಲದಿಂದ 1955ರಲ್ಲೂ 1956ರಲ್ಲೂ ರಾಜ್ಯ ಪ್ರಶಸ್ತಿ ಗೆದ್ದಿತು. ಆತ ಓದಲು ಹೋದದ್ದು ಮಾತ್ರ ರಾಜ್ಯದ ಗಡಿಯಾಚೆಯ ಸಿನ್ಸಿನಾಟಿಗೆ. ನೋಡಲು ಮನಸ್ಸಿಲ್ಲದವರ ಎದುರಿನಲ್ಲಿ ಎಂಥ ಆಟವಾಡಿದರೂ ಪ್ರಯೋಜನವಿಲ್ಲ ಎಂಬುದು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಈಗಿನ ಕಾಯಿಲೆ ಬೇರೆ. ಆಯ್ಕೆಯ ಕೇಂದ್ರ ಊರಿನ ಜಿಮ್ನೇಸಿಯಂನಿಂದ ಬೇಸಿಗೆಯ ಕ್ಲಬ್ ಟೂರ್ನಿಗಳಿಗೆ ಸರಿದಿದೆ. ನೈಕಿ, ಅಡಿಡಾಸ್, ಅಂಡರ್ ಆರ್ಮರ್ ಕಂಪನಿಗಳು ಪ್ರಾಯೋಜಿಸುವ ಈ ಸರಣಿಗಳಲ್ಲಿ ಒಂದೇ ಕಟ್ಟಡದೊಳಗೆ ಹತ್ತಾರು ಅಂಕಣಗಳಿರುತ್ತವೆ, ಕಾಲೇಜು ಕೋಚ್‌ಗಳು ಯಾವ ದಿನಗಳಲ್ಲಿ ಬರಬಹುದು ಎಂಬುದನ್ನು ನಿಯಮಗಳೇ ಗೊತ್ತುಮಾಡಿರುತ್ತವೆ, ಅವರು ಒಂದು ಅಂಕಣದ ಆಟವನ್ನು ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಓಡುತ್ತಾರೆ. ಒಂದು ಅರ್ಥದಲ್ಲಿ ಅದು ನಮ್ಮ ಟ್ರಯಲ್ಸ್‌ನದೇ ಶ್ರೀಮಂತ ರೂಪ. ಹದಿನಾಲ್ಕು ವರ್ಷದ ಮಕ್ಕಳಿಗೆ ನಕ್ಷತ್ರಗಳನ್ನೂ ಕ್ರಮಸಂಖ್ಯೆಯನ್ನೂ ಹಂಚುವ ಜಾಲತಾಣಗಳ ಬಗ್ಗೆ ನನಗೆ ಒಳ್ಳೆಯ ಮಾತು ಹೇಳಲು ಸಾಧ್ಯವಿಲ್ಲ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು ಎಂದಾದ ಮೇಲೆ ಆ ಕ್ರಮಸಂಖ್ಯೆಗೆ ರೂಪಾಯಿ ಲೆಕ್ಕದ ಬೆಲೆಯೂ ಬಂದಿದೆ (ಇಲ್ಲಿ ಡಾಲರ್ ಎನ್ನಬೇಕು, ಅಭ್ಯಾಸ ಬಿಡುವುದಿಲ್ಲ). ಮತ್ತೊಂದು ಕಡೆ, ಕಾಲೇಜಿನಿಂದ ಕಾಲೇಜಿಗೆ ಆಟಗಾರರ ವರ್ಗಾವಣೆ ಸುಲಭವಾದುದರಿಂದ, ಹದಿನೆಂಟರ ಹುಡುಗನನ್ನು ತಿದ್ದಿ ತೀಡುವ ಬದಲು ಬೇರೆಡೆ ಪಳಗಿದ ಇಪ್ಪತ್ತೆರಡರವನನ್ನು ತಂದುಕೊಳ್ಳುವ ಕೋಚ್‌ಗಳು ಹೆಚ್ಚಾಗಿದ್ದಾರೆ.

ಮತ್ತು ಆ ಕ್ರಮಸಂಖ್ಯೆಗಳು ಎಷ್ಟು ನಿಜವಾದವು? ಎಂಟನೇ ತರಗತಿಯಲ್ಲೇ ಹೆಸರಾಗಿದ್ದ ಡೇಮನ್ ಬೇಲಿ 1990ರ ರಾಜ್ಯ ಫೈನಲ್‌ನಲ್ಲಿ 41,046 ಪ್ರೇಕ್ಷಕರ ಎದುರು ತನ್ನ ತಂಡದ ಕೊನೆಯ 11 ಪಾಯಿಂಟ್‌ಗಳನ್ನು ತಾನೊಬ್ಬನೇ ಹೊಡೆದು ಗೆಲ್ಲಿಸಿದ, ವಿಶ್ವವಿದ್ಯಾಲಯದಲ್ಲೂ ಚೆನ್ನಾಗಿ ಆಡಿದ, ಎನ್‌ಬಿಎಯಲ್ಲಿ ಮಾತ್ರ ಒಂದು ಪಂದ್ಯವನ್ನೂ ಆಡಲಿಲ್ಲ. ಲಾರೆನ್ಸ್ ನಾರ್ತ್ ಶಾಲೆಗೆ 2004ರಿಂದ 2006ರವರೆಗೆ ಸತತ ಮೂರು ಪ್ರಶಸ್ತಿ ತಂದುಕೊಟ್ಟ ಜೋಡಿಯಲ್ಲಿ ಎಲ್ಲರ ಕಣ್ಣಿದ್ದದ್ದು ಏಳಡಿಯ ಗ್ರೆಗ್ ಓಡನ್ ಮೇಲೆ. 2007ರ ಡ್ರಾಫ್ಟ್‌ನಲ್ಲಿ ಮೊದಲಿಗನಾದ ಆತ ಮಂಡಿಯ ಗಾಯಗಳಿಂದಾಗಿ ಆಡಿದ್ದು 105 ಪಂದ್ಯ, ಪಕ್ಕದಲ್ಲಿ ಚೆಂಡು ನಡೆಸುತ್ತಿದ್ದ ಸಾಧಾರಣ ಎತ್ತರದ ಮೈಕ್ ಕಾನ್ಲಿ ಆಡಿದ್ದು ಹದಿನೈದು ವರ್ಷಗಳಿಗೂ ಮೀರಿ. ಬ್ರೌನ್ಸ್‌ಬರ್ಗ್‌ನ ಗಾರ್ಡನ್ ಹೇವರ್ಡ್ ಹೈಸ್ಕೂಲು ಸೇರಿದಾಗ ಆರಡಿಯೂ ಇರಲಿಲ್ಲ, ಬ್ಯಾಸ್ಕೆಟ್‌ಬಾಲ್ ಬಿಟ್ಟು ಟೆನಿಸ್‌ಗೆ ಹೋಗಲು ಯೋಚಿಸಿದ್ದ. ಆಮೇಲೆ ಆರಡಿ ಎಂಟು ಅಂಗುಲದವರೆಗೆ ಬೆಳೆದು, 2008ರ ರಾಜ್ಯ ಫೈನಲನ್ನು ಕೊನೆಯ ಗಳಿಗೆಯ ಬುಟ್ಟಿಯಿಂದ ಗೆಲ್ಲಿಸಿ, ಬಟ್ಲರ್ ಎಂಬ ಚಿಕ್ಕ ವಿಶ್ವವಿದ್ಯಾಲಯವನ್ನು 2010ರ ರಾಷ್ಟ್ರೀಯ ಫೈನಲ್‌ಗೆ ಒಯ್ದ. ಹದಿನಾಲ್ಕಕ್ಕೇ ಪಟ್ಟಿ ಮುಚ್ಚಿದ್ದರೆ ಹೇವರ್ಡ್ ಹೆಸರು ಅದರಲ್ಲಿ ಇರುತ್ತಿರಲಿಲ್ಲ. ಅವನ ಊರಿನ ಶಾಲೆ ವರ್ಷ ವರ್ಷವೂ ಅವನನ್ನು ಆಡಿಸುತ್ತಲೇ ಇದ್ದುದರಿಂದ ಯಾರೋ ನೋಡುತ್ತಲೂ ಇದ್ದರು.

ನಮ್ಮ ಕ್ರಮದಲ್ಲಿ ಇಲ್ಲಿಯವರಿಗೆ ಅರ್ಥವಾಗದ ಒಂದು ದೊಡ್ಡತನವಿದೆ. ಆಯ್ಕೆಯಾದ ಮಗುವಿನ ಊಟ, ವಸತಿ, ಓದು ಎಲ್ಲವನ್ನೂ ಸರ್ಕಾರ ವಹಿಸಿಕೊಳ್ಳುತ್ತದೆ. ತಾರೆಯಾಗದಿದ್ದವರಿಗೂ ವೃತ್ತಿಶಿಕ್ಷಣದ ಕ್ರೀಡಾ ಕೋಟಾ, ರೈಲ್ವೆ, ಸೇನೆ, ಬ್ಯಾಂಕಿನ ತಂಡಗಳಲ್ಲಿ ನೌಕರಿ ಸಿಗುವ ದಾರಿ ಇತ್ತು. 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ ವಿಲೀನವಾಗುವವರೆಗೆ ಬೆಂಗಳೂರಿನ ವಿಜಯಾ ಬ್ಯಾಂಕ್ ತಂಡದ ಹೆಸರು ಕೇಳದ ಬ್ಯಾಸ್ಕೆಟ್‌ಬಾಲ್ ಪ್ರೇಮಿ ಕರ್ನಾಟಕದಲ್ಲಿರಲಿಲ್ಲ. ಕೃಷಿಕೂಲಿಯವರ ಮಗಳಿಗೆ ಈ ಆಟ ಒಂದು ಬದುಕನ್ನೇ ಕೊಡಬಲ್ಲದು. ಅದಕ್ಕಾಗಿಯೇ ಆ ಒಂದು ಬೆಳಗಿನ ಟ್ರಯಲ್ಸ್ ನನಗೆ ಚಿಂತೆ ತರುತ್ತದೆ. ಗೆದ್ದರೆ ಸಿಗುವುದು ಅಷ್ಟು ದೊಡ್ಡದಿರುವಾಗ ನೋಡುವ ಹೊತ್ತು ಅಷ್ಟು ಕಡಿಮೆಯಿರಬಾರದು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಆರಿಜೋನಾ ವಿಶ್ವವಿದ್ಯಾಲಯದ ಪರವಾಗಿ ಆಡಿದ್ದು ನಮ್ಮ ನೆಲದಲ್ಲಿ ಆಟಗಾರ್ತಿಯರಿಗೆ ಕೊರತೆಯಿಲ್ಲ ಎಂಬುದಕ್ಕೆ ಸಾಕ್ಷಿ, ಆದರೆ ನಗರದ ಕ್ಲಬ್ಬುಗಳಲ್ಲಿ ಬೆಳೆಯುವವರನ್ನು ನೋಡುವವರಿದ್ದಾರೆ. ಹೋಬಳಿ ಕೇಂದ್ರದ ಸಿಮೆಂಟ್ ಅಂಕಣದಲ್ಲಿ ಆಡುವವರನ್ನು ನೋಡುವವರು ಅವರ ಪಿ.ಟಿ. ಮೇಷ್ಟ್ರು ಒಬ್ಬರೇ.

ಆ ಮೇಷ್ಟ್ರ ಮಾತಿಗೆ ಆಯ್ಕೆಯಲ್ಲಿ ಈಗ ಜಾಗವಿಲ್ಲ. ನನ್ನ ಸಲಹೆ ಅಲ್ಲಿಂದಲೇ ಶುರುವಾಗುತ್ತದೆ. ಜಿಲ್ಲೆಗೆ ಇಬ್ಬರಂತೆ ತರಬೇತುದಾರರು ತಾಲ್ಲೂಕು ಮಟ್ಟದ ಪಂದ್ಯಗಳನ್ನು ಸ್ವತಃ ಕುಳಿತು ನೋಡಲಿ, ಮೇಷ್ಟ್ರುಗಳಿಂದ ಮೂರು ವರ್ಷಗಳ ಅಭಿಪ್ರಾಯ ಬರವಣಿಗೆಯಲ್ಲಿ ಪಡೆಯಲಿ, ಹದಿಮೂರಕ್ಕೆ ಬಿಟ್ಟುಹೋದವರನ್ನು ಹದಿನಾರಕ್ಕೆ ಮತ್ತೆ ಕರೆಯಲಿ, ಸೋತ ತಂಡಗಳಿಗೂ ಇನ್ನೆರಡು ಪಂದ್ಯ ಸಿಗುವಂತೆ ಲೀಗ್ ಕ್ರಮದಲ್ಲಿ ಆಡಿಸಲಿ. ದುಡ್ಡು ಬೇಕಾಗುವುದು ಈ ಕೊನೆಯದಕ್ಕೆ ಮಾತ್ರ. ಉಳಿದಂತೆ, ನಿಯಮಬದ್ಧವಾಗಿ ನಡೆಯುವ ಪ್ರತಿ ಪಂದ್ಯದ ಸ್ಕೋರ್‌ಶೀಟಿನಲ್ಲಿ ಯಾವ ನಂಬರಿನವರು ಯಾವಾಗ ಪಾಯಿಂಟ್ ಹೊಡೆದರು, ಎಷ್ಟು ಫೌಲ್ ಮಾಡಿದರು ಎಂಬುದು ಈಗಲೂ ದಾಖಲಾಗುತ್ತದೆ. ಫಲಿತಾಂಶ ಓದಿಯಾದ ಮೇಲೆ ಆ ಹಾಳೆಗಳನ್ನು ಕಟ್ಟು ಕಟ್ಟಿ ಬೀರುವಿಗೆ ಹಾಕುವ ಬದಲು ಹೆಸರಿನ ಪ್ರಕಾರ ಜೋಡಿಸಿಟ್ಟರೆ, ಮುಂದಿನ ಟ್ರಯಲ್ಸ್‌ಗೆ ಬರುವ ಮಗುವಿನ ಫೈಲಿನಲ್ಲಿ ಜನನ ಪ್ರಮಾಣಪತ್ರದ ಜೊತೆಗೆ ಅದು ಆಡಿದ ಆಟವೂ ಇರುತ್ತದೆ.